ಪೀಠದಿಂದ ಇಳಿದ ಮಾತು ಊರಿನಲ್ಲಿ ಏನು ಮಾಡುತ್ತದೆ?

ಕಬ್ಬಿನ ದರ, ಪಂಚಗಂಗೆಯ ಮಹಾಪೂರ, ಗಡಿ ವಿವಾದ: ಕೊಲ್ಹಾಪುರ ಜಿಲ್ಲೆಯ ಹೆಸರು ಕರ್ನಾಟಕದ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಕಾಣಿಸುವುದು ಈ ಮೂರು ಕಾರಣಗಳಿಗಾಗಿ. 2025ರ ಅಕ್ಟೋಬರ್‌ನಲ್ಲಿ ನಾಲ್ಕನೆಯ ಕಾರಣವೊಂದು ಸೇರಿಕೊಂಡಿತು. ಕರವೀರ ತಾಲ್ಲೂಕಿನ ಕನೇರಿಯ ಸಿದ್ಧಗಿರಿ ಮಠದ ಅದೃಶ್ಯ ಕಾಡಸಿದ್ಧೇಶ್ವರ ಸ್ವಾಮೀಜಿಯವರು ಪಕ್ಕದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಸಭೆಯೊಂದರಲ್ಲಿ, ಲಿಂಗಾಯತ ಮಠಾಧೀಶರ ಒಕ್ಕೂಟದವರ ಕುರಿತು ಆಡಿದ ಕಟು ಮಾತುಗಳು ಎರಡೂ ರಾಜ್ಯಗಳಲ್ಲಿ ಹರಡಿದವು. ಒಕ್ಕೂಟವು ಸೆಪ್ಟೆಂಬರ್ 1ರಂದು ಬಸವನ ಬಾಗೇವಾಡಿಯಲ್ಲಿ ಆರಂಭಿಸಿ ಅಕ್ಟೋಬರ್ 5ರಂದು ಬೆಂಗಳೂರಿನಲ್ಲಿ ಮುಗಿಸಿದ ಬಸವ ಸಂಸ್ಕೃತಿ ಅಭಿಯಾನದ ಬಗೆಗಿನ ಅಸಮಾಧಾನ ಆ ಮಾತುಗಳ ಹಿನ್ನೆಲೆಯಾಗಿತ್ತು. ವಿಜಯಪುರ ಜಿಲ್ಲಾಡಳಿತವು ಅಕ್ಟೋಬರ್ 16ರಿಂದ ಎರಡು ತಿಂಗಳ ಕಾಲ ಸ್ವಾಮೀಜಿಯವರ ಪ್ರವೇಶವನ್ನು ನಿರ್ಬಂಧಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟಿನ ಕಲಬುರಗಿ ಪೀಠ ತಳ್ಳಿಹಾಕಿತು. ಸುಪ್ರೀಂ ಕೋರ್ಟ್ ಕೂಡ ಮಧ್ಯ ಪ್ರವೇಶಿಸಲು ಒಪ್ಪಲಿಲ್ಲ.

ಆ ಪದಗಳನ್ನು ನಾವು ಇಲ್ಲಿ ಮತ್ತೆ ಬರೆಯುವುದಿಲ್ಲ. ಬಸವತತ್ತ್ವದ ವ್ಯಾಖ್ಯಾನದಲ್ಲಿ ಯಾರ ನಿಲುವು ಸರಿ, ಲಿಂಗಾಯತವು ಪ್ರತ್ಯೇಕ ಧರ್ಮವೇ ಅಲ್ಲವೇ ಎಂಬ ಚರ್ಚೆಗೂ ಈ ಲೇಖನದಲ್ಲಿ ಕೈ ಹಾಕುವುದಿಲ್ಲ. ಆ ವಾದಗಳಿಗೆ ವಿದ್ವಾಂಸರಿದ್ದಾರೆ, ವೇದಿಕೆಗಳಿವೆ. ನಮ್ಮ ಪ್ರಶ್ನೆ ಬೇರೆ. ಧರ್ಮಪೀಠದಿಂದ ಹೊರಟ ಮಾತು ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದಂತಹ ಬೆರೆತು ಬಾಳುವ ಊರುಗಳಲ್ಲಿ ಏನು ಮಾಡುತ್ತದೆ? ಅದೇ ಪೀಠದ ಮಾತು ನೆಮ್ಮದಿಯನ್ನು ಹೇಗೆ ತರಬಲ್ಲದು? ಕನ್ನಡ ಮಾಧ್ಯಮದಲ್ಲಿ ಮಕ್ಕಳನ್ನು ಓದಿಸುವ ಮನೆಗಳಿಗೆ ಇದು ದೂರದ ಪ್ರಶ್ನೆಯಲ್ಲ.

ಗ್ರಾಮ್ಯ ಭಾಷೆ ಎಂಬ ಸಮರ್ಥನೆ

ವಿವಾದ ಬೆಳೆದಾಗ ಹಲವರು ಮುಂದಿಟ್ಟ ಸಮರ್ಥನೆಯೊಂದು ನಮ್ಮನ್ನು ಹೆಚ್ಚು ನೋಯಿಸಿತು. ‘ಅದು ಗ್ರಾಮ್ಯ ಭಾಷೆ, ಈ ಭಾಗದ ಹಳ್ಳಿಯ ಜನ ಮಾತನಾಡುವುದೇ ಹಾಗೆ’ ಎಂದರು. ಭಾಷೆಯನ್ನೇ ಕಲಿಸುವ ನಾವು ಇದನ್ನು ಒಪ್ಪಲಾರೆವು. ಗಡಿಭಾಗದ ಕನ್ನಡ ಒರಟು ಎಂಬ ತಾತ್ಸಾರವನ್ನು ನಮ್ಮ ಮಕ್ಕಳು ಬೆಂಗಳೂರು, ಮೈಸೂರಿಗೆ ಹೋದಾಗ ಎದುರಿಸುತ್ತಾರೆ. ಮರಾಠಿಯ ಶಬ್ದಗಳು ಬೆರೆತ, ಏರುದನಿಯ, ನೇರವಾದ ಮಾತು ನಮ್ಮದು, ನಿಜ. ಆದರೆ ನೇರ ಮಾತು ಬೇರೆ, ಬೈಗುಳ ಬೇರೆ ಎಂಬುದನ್ನು ಹಳ್ಳಿಯ ಹಿರಿಯರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಟ್ಟೆಯ ಮೇಲೆ ಕುಳಿತವರು ತಮ್ಮ ತಮ್ಮಲ್ಲಿ ಏನೇ ಅಂದುಕೊಂಡರೂ, ಅಕ್ಕತಂಗಿಯರ ಎದುರು, ಗುಡಿಯ ಅಂಗಳದಲ್ಲಿ, ಪರ ಊರಿನವರ ಮುಂದೆ ನಾಲಿಗೆ ಬಿಗಿಹಿಡಿಯುತ್ತಾರೆ. ಎಲ್ಲಿ ಯಾವ ಮಾತು ಎಂಬ ಎಚ್ಚರವೇ ಗ್ರಾಮೀಣ ಭಾಷೆಯ ನಿಜವಾದ ವ್ಯಾಕರಣ. ಬೈಗುಳಕ್ಕೆ ಹಳ್ಳಿಯ ಹೆಸರು ಕೊಟ್ಟರೆ ಅವಮಾನವಾಗುವುದು ಹಳ್ಳಿಗೆ.

ಶಾಲೆಯ ಅಂಗಳದಲ್ಲಿ ಕೆಟ್ಟ ಮಾತಾಡಿದ ಹುಡುಗನನ್ನು ತಡೆದರೆ, ‘ದೊಡ್ಡವರೇ ಹಂಗ ಅಂತಾರಲ್ರೀ ಸರ್’ ಎಂಬ ಉತ್ತರ ಬರುತ್ತದೆ. ಆ ಉತ್ತರಕ್ಕೆ ನಮ್ಮ ಬಳಿ ಪಾಠ ಪುಸ್ತಕದಲ್ಲಿ ಪರಿಹಾರವಿಲ್ಲ. ದೊಡ್ಡವರು ತಿದ್ದಿಕೊಂಡರೆ ಮಾತ್ರ ಇದೆ.

ಸಿದ್ಧಗಿರಿ ಮಠದ ಕೆಲಸವನ್ನು ನಾವು ಬಲ್ಲೆವು. ಹಳ್ಳಿಯ ಬದುಕನ್ನು ಶಿಲ್ಪಗಳಲ್ಲಿ ಕಟ್ಟಿಟ್ಟ ಅಲ್ಲಿನ ವಸ್ತು ಸಂಗ್ರಹಾಲಯಕ್ಕೆ ಶಾಲಾ ಪ್ರವಾಸದ ಮಕ್ಕಳು ಹೋಗಿ ಬರುತ್ತಾರೆ. ಸಾವಯವ ಕೃಷಿ, ಗೋಶಾಲೆ, ಆಸ್ಪತ್ರೆ ಎಂದು ಮಠದ ಸೇವೆ ಹರಡಿದೆ. ಇಷ್ಟು ಗೌರವ ಗಳಿಸಿದ ಸ್ಥಳದಿಂದ ಬಂದುದರಿಂದಲೇ ಆ ಮಾತು ಅಷ್ಟು ಭಾರವಾಯಿತು. ಸಂತೆಯಲ್ಲಿ ಯಾರೋ ಆಡಿದ್ದರೆ ಅದು ಸಂತೆ ಮುಗಿಯುವಷ್ಟರಲ್ಲಿ ಮರೆತುಹೋಗುತ್ತಿತ್ತು.

ಯಾರು ಆಡಿದರು ಎಂಬುದೇ ಅರ್ಧ ಅರ್ಥ

ಇದು ಕೇವಲ ನಮ್ಮ ಅನಿಸಿಕೆಯಲ್ಲ. ದ್ವೇಷ ಭಾಷಣವನ್ನು ಅಳೆಯುವುದು ಹೇಗೆಂದು ವಿಶ್ವಸಂಸ್ಥೆಯ ಆಶ್ರಯದಲ್ಲಿ ತಜ್ಞರು 2012ರಲ್ಲಿ ಮೊರಾಕೊ ದೇಶದ ರಬಾತ್ ನಗರದಲ್ಲಿ ಒಂದು ಕ್ರಿಯಾ ಯೋಜನೆಯನ್ನು ಒಪ್ಪಿಕೊಂಡರು. ಅದರಲ್ಲಿ ಆರು ಅಳತೆಗಳಿವೆ: ಮಾತಿನ ಸಂದರ್ಭ, ಆಡಿದವರ ಸ್ಥಾನಮಾನ, ಉದ್ದೇಶ, ಮಾತಿನ ವಿಷಯ ಮತ್ತು ಧಾಟಿ, ಅದು ಎಷ್ಟು ಜನರನ್ನು ತಲುಪಿತು, ಅದರಿಂದ ಹಾನಿ ಸಂಭವಿಸುವ ಸಾಧ್ಯತೆ ಎಷ್ಟು. ಎರಡನೆಯ ಅಳತೆಯನ್ನು ಗಮನಿಸಿ. ಒಂದೇ ವಾಕ್ಯವನ್ನು ಟೀ ಅಂಗಡಿಯವರು ಆಡಿದರೆ ಒಂದು ತೂಕ, ಮಠಾಧೀಶರೋ ಮೌಲಾನರೋ ಆಡಿದರೆ ಇನ್ನೊಂದು ತೂಕ. ಭಾರತದ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ, ಪತ್ರಕರ್ತರೊಬ್ಬರ ಪ್ರಕರಣದ ತೀರ್ಪಿನಲ್ಲಿ ಇದೇ ಮಾತನ್ನು ಹೇಳಿತು: ಜನರ ಮೇಲೆ ಪ್ರಭಾವವುಳ್ಳವರಿಗೆ ಮಾತಿನ ಹೊಣೆಯೂ ಹೆಚ್ಚು.

ಕಾನೂನಿನ ದಾರಿಯೂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 196ನೆಯ ಕಲಂ ಸಮುದಾಯಗಳ ನಡುವೆ ವೈರ ಹುಟ್ಟಿಸುವುದನ್ನೂ, 299ನೆಯ ಕಲಂ ಉದ್ದೇಶಪೂರ್ವಕವಾಗಿ ಧಾರ್ಮಿಕ ಭಾವನೆಗೆ ಘಾಸಿ ಮಾಡುವುದನ್ನೂ ಅಪರಾಧವೆನ್ನುತ್ತವೆ. ದೂರಿಗಾಗಿ ಕಾಯದೆ ತಾವೇ ಪ್ರಕರಣ ದಾಖಲಿಸಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಸೂಚಿಸಿದೆ. ಆದರೂ ಕಾನೂನಿನ ಮೇಲೆಯೇ ಎಲ್ಲ ಭಾರ ಹಾಕುವುದು ಸರಿಯೆನಿಸುವುದಿಲ್ಲ. ಜಿಲ್ಲೆಯೊಳಗೆ ಕಾಲಿಡದಂತೆ ಒಬ್ಬರನ್ನು ತಡೆಯಬಹುದು. ಅವರ ಮಾತು ಮೊಬೈಲಿನಲ್ಲಿ ಜಿಲ್ಲೆಯ ಗಡಿ ದಾಟುವುದನ್ನು ತಡೆಯಲಾಗದು. ಪ್ರವೇಶ ನಿರ್ಬಂಧದಂತಹ ಅಸ್ತ್ರವು ಇಂದು ಒಬ್ಬರ ಮೇಲೆ, ನಾಳೆ ಇನ್ನೊಬ್ಬರ ಮೇಲೆ ಬೀಳಬಹುದು. ಆದ್ದರಿಂದ ನಾವು ಅದನ್ನು ಸಂಭ್ರಮಿಸುವುದಿಲ್ಲ. ಶಾಶ್ವತ ಪರಿಹಾರ ಇರುವುದು ಮಾತಾಡುವವರ ವಿವೇಕದಲ್ಲಿ ಮತ್ತು ಕೇಳುವವರ ನಿರಾಕರಣೆಯಲ್ಲಿ.

ನಮ್ಮ ಊರುಗಳ ಗಾಯ

ಮೇಲಿನ ಪ್ರಕರಣ ಒಂದೇ ಪರಂಪರೆಯೊಳಗಿನ ಜಗಳ. ಧರ್ಮ ಧರ್ಮಗಳ ನಡುವೆ ಮಾತು ಕೆಟ್ಟಾಗ ಏನಾಗುತ್ತದೆ ಎಂಬುದನ್ನು ನಮ್ಮ ಜಿಲ್ಲೆ ಕಂಡಿದೆ. 2009ರ ಗಣೇಶೋತ್ಸವದಲ್ಲಿ ಮಿರಜದ ಕಮಾನೊಂದರ ಚಿತ್ರದಿಂದ ಹೊತ್ತಿದ ಗಲಭೆ ಇಚಲಕರಂಜಿ, ಕೊಲ್ಹಾಪುರದ ತನಕ ಬಂದಿತು. 2023ರ ಜೂನ್ 7ರಂದು, ಕೆಲವರು ಮೊಬೈಲಿನಲ್ಲಿ ಹಾಕಿದ ಸ್ಟೇಟಸ್‌ಗಳನ್ನು ವಿರೋಧಿಸಿ ಕರೆಕೊಟ್ಟ ಬಂದ್ ವೇಳೆ ಕೊಲ್ಹಾಪುರ ನಗರದಲ್ಲಿ ಕಲ್ಲು ತೂರಾಟ, ಲಾಠಿ ಪ್ರಹಾರ ನಡೆದು ಇಂಟರ್‌ನೆಟ್ ಸ್ಥಗಿತಗೊಂಡಿತು. 2024ರ ಜುಲೈ 14ರಂದು ವಿಶಾಳಗಡದ ಅತಿಕ್ರಮಣ ತೆರವಿನ ಆಂದೋಲನದ ದಿನ, ಕೋಟೆಯ ಕೆಳಗಿನ ಗಜಾಪುರದಲ್ಲಿ ಮಸೀದಿ ಹಾಗೂ ಮನೆಗಳ ಮೇಲೆ ದಾಳಿಯಾಯಿತು. ಕೋಟೆಯ ಅತಿಕ್ರಮಣದೊಂದಿಗೆ ಸಂಬಂಧವೇ ಇಲ್ಲದ ಕುಟುಂಬಗಳು ನಷ್ಟ ಅನುಭವಿಸಿದವು.

ಈ ಮೂರು ಘಟನೆಗಳಲ್ಲೂ ಒಂದು ಸಮಾನ ಅಂಶವಿದೆ. ಚಿತ್ರ, ಸ್ಟೇಟಸ್, ಅತಿಕ್ರಮಣ ಇವೆಲ್ಲ ಕೆಲವು ವ್ಯಕ್ತಿಗಳಿಗೆ ಸಂಬಂಧಿಸಿದ ಸಂಗತಿಗಳಾಗಿದ್ದವು. ಅವು ಇಡೀ ಸಮುದಾಯದ ಮೇಲಿನ ಸಿಟ್ಟಾಗಿ ಬದಲಾದದ್ದು ಮಾತಿನ ಮೂಲಕ. ‘ಒಬ್ಬ ಹುಡುಗ ಹೀಗೆ ಮಾಡಿದ’ ಎಂಬ ವಾಕ್ಯ ‘ಅವರು ಹೀಗೆಯೇ’ ಎಂದಾದ ಗಳಿಗೆಯಲ್ಲಿ ಕಲ್ಲು ಕೈಗೆ ಬರುತ್ತದೆ. ಆ ಗಳಿಗೆಯಲ್ಲಿ ವಾಕ್ಯವನ್ನು ಮತ್ತೆ ಹಿಂದಕ್ಕೆ ತಿದ್ದಬಲ್ಲ ಅಧಿಕಾರ ಪೊಲೀಸರಿಗಿಂತ ಹೆಚ್ಚಾಗಿ ಇರುವುದು ಆಯಾ ಸಮುದಾಯದ ಸ್ವಾಮಿಗಳಿಗೆ, ಇಮಾಮರಿಗೆ, ಭಟ್ಟಾರಕರಿಗೆ, ಪಾದ್ರಿಗಳಿಗೆ. ಅವರು ಸುಮ್ಮನಿದ್ದರೆ ಆ ಮೌನಕ್ಕೂ ಜನ ಒಂದು ಅರ್ಥ ಹಚ್ಚುತ್ತಾರೆ.

‘ಆಪಣ್’ ಮತ್ತು ‘ಆಮ್ಹಿ’

ನಮ್ಮ ಮಕ್ಕಳು ಎರಡು ಭಾಷೆಗಳ ನಡುವೆ ಬೆಳೆಯುವುದರಿಂದ ಒಂದು ಸೂಕ್ಷ್ಮವನ್ನು ಬೇಗ ಗುರುತಿಸುತ್ತಾರೆ. ಮರಾಠಿಯಲ್ಲಿ ‘ನಾವು’ ಎನ್ನಲು ಎರಡು ಪದಗಳಿವೆ. ‘ಆಪಣ್’ ಎಂದರೆ ಕೇಳುವ ನೀವೂ ಸೇರಿದಂತೆ ನಾವು. ‘ಆಮ್ಹಿ’ ಎಂದರೆ ನಿಮ್ಮನ್ನು ಬಿಟ್ಟು ನಾವು. ಕನ್ನಡದಲ್ಲಿ ಎರಡಕ್ಕೂ ‘ನಾವು’ ಒಂದೇ. ಹೀಗಾಗಿ ಕನ್ನಡದಲ್ಲಿ ಮಾತಾಡುವ ಧರ್ಮಗುರುಗಳು ತಮ್ಮ ‘ನಾವು’ ಎಂಬುದರೊಳಗೆ ಯಾರನ್ನು ಕೂರಿಸಿದ್ದೇವೆ ಎಂಬುದನ್ನು ಉಳಿದ ಮಾತಿನಿಂದಲೇ ತೋರಿಸಿಕೊಡಬೇಕಾಗುತ್ತದೆ. ‘ನಾವು ಈ ಊರಿನವರು’ ಎಂದರೆ ಮಗ್ಗದ ಶೆಡ್ಡಿನಲ್ಲಿ ಪಕ್ಕಪಕ್ಕದಲ್ಲಿ ದುಡಿಯುವ ಎಲ್ಲರೂ ಅದರೊಳಗೆ ಬರುತ್ತಾರೆ. ‘ನಾವು ಎಚ್ಚೆತ್ತುಕೊಳ್ಳಬೇಕು’ ಎಂದು ನಿಲ್ಲಿಸಿದರೆ, ಯಾರ ವಿರುದ್ಧ ಎಂಬುದನ್ನು ಕೇಳುಗರೇ ತುಂಬಿಕೊಳ್ಳುತ್ತಾರೆ.

ಕನ್ನಡದ ‘ಅವರು’ ಕೂಡ ಹಾಗೆಯೇ. ಒಬ್ಬರನ್ನು ಗೌರವಿಸುವಾಗಲೂ ‘ಅವರು’, ಗುಂಪನ್ನು ದೂರವಿಡುವಾಗಲೂ ‘ಅವರು’. ಹೆಸರಿಟ್ಟು ಕರೆದಾಗ ಅದು ಗೌರವವಾಗುತ್ತದೆ. ಹೆಸರಿಲ್ಲದೆ ಬೆರಳು ತೋರಿಸಿದಾಗ ಬೇಲಿಯಾಗುತ್ತದೆ. ನೆರೆಯ ಧರ್ಮದ ಬಗ್ಗೆ ಮಾತಾಡುವವರು ಆ ಧರ್ಮದ ಒಬ್ಬ ವ್ಯಕ್ತಿಯ ಹೆಸರನ್ನಾದರೂ ಪ್ರೀತಿಯಿಂದ ಹೇಳಬಲ್ಲರೇ ಎಂಬುದನ್ನು ಗಮನಿಸಿದರೆ ಸಾಕು, ಮಾತಿನ ಗುಣ ತಿಳಿಯುತ್ತದೆ.

ನೆಮ್ಮದಿ ತಂದ ಮಾತುಗಳು

ಒಳ್ಳೆಯ ಮಾದರಿಗಳಿಗಾಗಿ ದೂರ ಹೋಗಬೇಕಿಲ್ಲ. 2023ರ ಜೂನ್ 29ರಂದು ಆಷಾಢಿ ಏಕಾದಶಿ ಮತ್ತು ಬಕ್ರೀದ್ ಒಂದೇ ದಿನ ಬಂದವು. ಮಹಾರಾಷ್ಟ್ರದ ಅನೇಕ ಊರುಗಳಲ್ಲಿ ಮುಸ್ಲಿಂ ಹಿರಿಯರು ಅಂದು ಕುರ್ಬಾನಿ ಮಾಡುವುದಿಲ್ಲವೆಂದು ತಾವಾಗಿಯೇ ಸಾರಿದರು. ಅದೇ ವರ್ಷದ ಸೆಪ್ಟೆಂಬರ್ 28ರಂದು ಅನಂತ ಚತುರ್ದಶಿ ಮತ್ತು ಈದ್ ಮಿಲಾದ್ ಕೂಡಿ ಬಂದಾಗ, ಅನೇಕ ನಗರಗಳಲ್ಲಿ ಮಿಲಾದ್ ಮೆರವಣಿಗೆಯನ್ನು ಮರುದಿನಕ್ಕೆ ಮುಂದೂಡಲಾಯಿತು. ಸರ್ಕಾರ ರಜೆಯನ್ನೂ 29ಕ್ಕೆ ಬದಲಿಸಿತು. ಈ ನಿರ್ಧಾರಗಳಲ್ಲಿ ದೊಡ್ಡ ತತ್ತ್ವದ ಭಾಷಣವಿರಲಿಲ್ಲ. ‘ಇಂಥ ದಿನ, ಇಂಥ ಕೆಲಸ, ಹೀಗೆ ಮಾಡೋಣ’ ಎಂಬ ಸ್ಪಷ್ಟ ಸೂಚನೆಯಿತ್ತು. ಅದೂ ಹಬ್ಬಕ್ಕೆ ಮೊದಲೇ ಬಂದಿತ್ತು. ಸೌಹಾರ್ದದ ಭಾಷೆ ಪರಿಣಾಮ ಬೀರಬೇಕಾದರೆ ಈ ಎರಡು ಗುಣಗಳು ಬೇಕು: ಅದು ನಿರ್ದಿಷ್ಟವಾಗಿರಬೇಕು, ಸಮಯಕ್ಕೆ ಮುಂಚೆ ಬರಬೇಕು.

ಶಿರೋಳ ತಾಲ್ಲೂಕಿನ ಕುರುಂದವಾಡದಲ್ಲಿ ಮಸೀದಿಗಳಲ್ಲಿಯೇ ಗಣಪತಿಯನ್ನು ಕೂರಿಸುವ ಸಂಪ್ರದಾಯ ವರ್ಷಗಳಿಂದ ನಡೆದುಬಂದಿದೆ. 2018ರಿಂದ 2020ರವರೆಗೆ ಮೊಹರಂ ಮತ್ತು ಗಣೇಶೋತ್ಸವ ಜೊತೆಯಾಗಿ ಬಂದಾಗ ಪಂಜಾ ಮತ್ತು ಗಣಪತಿ ಒಂದೇ ಸೂರಿನಡಿ ಇದ್ದ ದೃಶ್ಯವನ್ನು ನಾಡು ನೋಡಿತು. ಅದೇ ತಾಲ್ಲೂಕಿನ ನಾಂದಣಿಯ ಜೈನ ಮಠದ ಆನೆಯನ್ನು ನ್ಯಾಯಾಲಯದ ಆದೇಶದಂತೆ 2025ರ ಜುಲೈನಲ್ಲಿ ಗುಜರಾತಿನ ವನತಾರಾಕ್ಕೆ ಕಳುಹಿಸಿದಾಗ ಜನ ಕೆರಳಿದ್ದರು. ಆ ಆದೇಶದ ಸರಿತಪ್ಪುಗಳ ಚರ್ಚೆ ಬೇರೆ. ಆದರೆ ಆಗಸ್ಟ್ 3ರಂದು ನಾಂದಣಿಯಿಂದ ಕೊಲ್ಹಾಪುರದವರೆಗೆ ಸುಮಾರು 45 ಕಿಲೋಮೀಟರ್ ದೂರ ಸಾಗಿದ ಪಾದಯಾತ್ರೆ ಮೌನವಾಗಿತ್ತು. ಜೈನ, ಲಿಂಗಾಯತ, ಮರಾಠಾ, ಮುಸ್ಲಿಂ ಎನ್ನದೆ ಜನ ಜೊತೆಗೆ ನಡೆದರು. ಸಿಟ್ಟನ್ನು ಯಾವ ಸಮುದಾಯದ ಮೇಲೂ ತಿರುಗಿಸದೆ ಅಹವಾಲನ್ನು ಜಿಲ್ಲಾಡಳಿತದ ಬಾಗಿಲಿಗೆ ಒಯ್ಯಬಹುದು ಎಂಬುದಕ್ಕೆ ಅದು ಸಾಕ್ಷಿ.

ಮಠಾಧೀಶರ ಮಾತಿಗೆ ಮಾದರಿ ಬೇಕೆಂದರೆ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರಿದ್ದಾರೆ. ಅವರು ತತ್ತ್ವಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದದ್ದು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ. ಕನ್ನಡ, ಮರಾಠಿ ಎರಡರಲ್ಲೂ ಪ್ರವಚನ ಮಾಡಿದ ಅವರನ್ನು ಗಡಿಯ ಎರಡೂ ಬದಿಯ ಜನ ತಮ್ಮವರೆಂದುಕೊಂಡರು. ಮರ, ನೀರು, ಹಕ್ಕಿ, ಹೊಲ, ಮನೆಯ ಮಾತುಗಳಿಂದಲೇ ಅವರ ಪ್ರವಚನ ಬೆಳೆಯುತ್ತಿತ್ತು. ಯಾರನ್ನೂ ಹಳಿಯದೆ ಗಂಟೆಗಟ್ಟಲೆ ಸಾವಿರಾರು ಜನರನ್ನು ಕೂರಿಸಬಹುದು ಎಂಬುದನ್ನು ಅವರು ದಶಕಗಳ ಕಾಲ ತೋರಿಸಿದರು. ಸರಳ ಭಾಷೆಗೂ ಗ್ರಾಮ್ಯವೆಂಬ ನೆಪಕ್ಕೂ ಇರುವ ದೂರ ಇಲ್ಲಿ ಕಾಣುತ್ತದೆ. 2023ರ ಜನವರಿ 2ರಂದು ಅವರು ಅಗಲಿದಾಗ, ತಮಗೆ ಸ್ಮಾರಕ ಬೇಡವೆಂದು ಮೊದಲೇ ಬರೆದಿಟ್ಟಿದ್ದರು. ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರು 2001ರಲ್ಲಿ ರಾಷ್ಟ್ರೀಯ ಕೋಮು ಸೌಹಾರ್ದ ಪ್ರಶಸ್ತಿ ಪಡೆದವರು. ಅಂದರೆ ಕನ್ನಡದ ಮಠ ಪರಂಪರೆಯ ಒಳಗೇ ನಮಗೆ ಬೇಕಾದ ಭಾಷೆ ಇದೆ. ಶಿಶುನಾಳದ ಶರೀಫರಿಗೆ ಗೋವಿಂದ ಭಟ್ಟರು ಗುರುವಾದ ಕಥೆಯನ್ನು ಕೇಳಿ ಬೆಳೆದ ನಾಡು ಇದು.

ಕೊಲ್ಹಾಪುರದ ಮಣ್ಣಿಗೂ ತನ್ನದೇ ಪಾಠವಿದೆ. ರಾಜರ್ಷಿ ಶಾಹೂ ಮಹಾರಾಜರು ಮರಾಠಾ, ಜೈನ, ಲಿಂಗಾಯತ, ಮುಸ್ಲಿಂ ಹೀಗೆ ಬೇರೆ ಬೇರೆ ಸಮುದಾಯಗಳ ವಿದ್ಯಾರ್ಥಿಗಳಿಗೆ ವಸತಿ ನಿಲಯಗಳನ್ನು ಕಟ್ಟಿಸಲು ನೆರವಾದರು. ಕುರಾನಿನ ಮರಾಠಿ ಅನುವಾದಕ್ಕೆ ಹಣ ಒದಗಿಸಿದರು. ನೆರೆಯವರ ಧರ್ಮಗ್ರಂಥವನ್ನು ತನ್ನ ಪ್ರಜೆಗಳು ತಮ್ಮ ಭಾಷೆಯಲ್ಲಿ ಓದಿ ತಿಳಿಯಲಿ ಎಂಬುದು ಆಡಳಿತಗಾರನೊಬ್ಬ ಕಂಡುಕೊಂಡ ಶಾಂತಿಯ ಉಪಾಯವಾಗಿತ್ತು. 1920ರ ಮಾರ್ಚ್‌ನಲ್ಲಿ ಇಚಲಕರಂಜಿಗೆ ಸಮೀಪದ ಮಾಣಗಾವದಲ್ಲಿ ಡಾ. ಅಂಬೇಡ್ಕರರ ಅಧ್ಯಕ್ಷತೆಯ ಪರಿಷತ್ತಿಗೆ ಸ್ವತಃ ಬಂದು, ಅವರೇ ನಿಮ್ಮ ನಾಯಕರೆಂದು ದಲಿತ ಜನರೆದುರು ಸಾರಿದವರೂ ಶಾಹೂ ಮಹಾರಾಜರೇ. ಎತ್ತರದ ಸ್ಥಾನದಲ್ಲಿದ್ದವರು ಸಭೆಯಲ್ಲಿ ಆಡಿದ ಒಂದು ಗೌರವದ ಮಾತು ನೂರು ವರ್ಷ ಬಾಳಬಲ್ಲದು.

ಅಲ್ಪಸಂಖ್ಯಾತರಾದ ನಮ್ಮ ಹೊಣೆ

ನಾವು ಈ ರಾಜ್ಯದಲ್ಲಿ ಭಾಷಿಕ ಅಲ್ಪಸಂಖ್ಯಾತರು. ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂಬ ಸಂವಿಧಾನದ 350ಎ ವಿಧಿಯನ್ನು ಮುಂದಿಟ್ಟು ಶಿಕ್ಷಕರನ್ನು ಕೇಳುತ್ತೇವೆ, ಪಠ್ಯಪುಸ್ತಕ ಕೇಳುತ್ತೇವೆ. ಗಡಿ ವಿವಾದ ಕಾವೇರಿದಾಗ ಬಸ್ಸುಗಳು ನಿಲ್ಲುತ್ತವೆ, ಫಲಕಗಳಿಗೆ ಮಸಿ ಬೀಳುತ್ತದೆ, ಯಾರೋ ಆಡಿದ ಮಾತಿಗೆ ನಮ್ಮನ್ನು ‘ಅವರು’ ಎಂದು ನೋಡಲಾಗುತ್ತದೆ. ಒಬ್ಬರ ತಪ್ಪಿಗೆ ಎಲ್ಲರನ್ನೂ ಹೊಣೆ ಮಾಡಿದಾಗ ಆಗುವ ನೋವು ನಮಗೆ ಗೊತ್ತು. ಆ ನೋವು ಗೊತ್ತಿರುವವರು ಧರ್ಮದ ವಿಷಯದಲ್ಲಿ ಅದೇ ತಪ್ಪನ್ನು ಇತರರಿಗೆ ಮಾಡಲಾಗದು. ನಮ್ಮ ಭಾಷೆಗೆ ಸಹನೆ ಬೇಡುವ ಬಾಯಿಂದಲೇ ನೆರೆಯವರ ನಂಬಿಕೆಗೆ ಅಸಹನೆ ಬಂದರೆ ನಮ್ಮ ಬೇಡಿಕೆಯ ಬಲ ಕುಂದುತ್ತದೆ.

ಹಾಗಾದರೆ ನಾವು ಮಾಡಬಹುದಾದದ್ದೇನು? ಮೊದಲನೆಯದು, ಆಮಂತ್ರಣದ ಹೊಣೆ. ಶ್ರಾವಣದ ಪ್ರವಚನಕ್ಕೆ, ಜಾತ್ರೆಗೆ, ಉರುಸಿಗೆ, ಪಂಚಕಲ್ಯಾಣಕ್ಕೆ ಭಾಷಣಕಾರರನ್ನು ಕರೆಯುವವರು ನಾವೇ. ‘ಸ್ವಾಮೀಜಿ, ಸಭೆಯಲ್ಲಿ ಎಲ್ಲ ಸಮಾಜದ ತಾಯಂದಿರು, ಮಕ್ಕಳು ಇರುತ್ತಾರೆ’ ಎಂದು ಕರೆಯುವಾಗಲೇ ಕೈಮುಗಿದು ಹೇಳುವುದರಲ್ಲಿ ಅಗೌರವವಿಲ್ಲ. ಎರಡನೆಯದು, ಹಬ್ಬಗಳಿಗೆ ಮುನ್ನ ಪೊಲೀಸ್ ಠಾಣೆಗಳಲ್ಲಿ ಸೇರುವ ಶಾಂತತಾ ಸಮಿತಿಯ ಸಭೆಗಳು. ಅಲ್ಲಿ ಕನ್ನಡ ಶಾಲೆಗಳ ಪಾಲಕರೂ ಇರಬೇಕು. ಎಲ್ಲ ಧರ್ಮಗುರುಗಳು ಸಹಿ ಮಾಡಿದ ಒಂದು ಪುಟದ ಮನವಿ ಮರಾಠಿ, ಕನ್ನಡ, ಉರ್ದು ಮೂರರಲ್ಲೂ ಹಬ್ಬಕ್ಕೆ ವಾರ ಮೊದಲೇ ಹೊರಬರಬೇಕು. ಗಡಹಿಂಗ್ಲಜದ ಹಳ್ಳಿಗಳಲ್ಲಿ ಅಜ್ಜಿಗೆ ಓದಿ ಹೇಳಲು ಕನ್ನಡದ ಪುಟವೇ ಬೇಕಾಗುತ್ತದೆ.

ಮೂರನೆಯದು, ಮೊಬೈಲು. ಶಾಲೆಯ ಪಾಲಕರ ಗುಂಪುಗಳಲ್ಲಿ ಯಾವುದೇ ಧರ್ಮಗುರುಗಳ ಕತ್ತರಿಸಿದ ತುಣುಕು ಬಂದರೆ ಅದನ್ನು ಮುಂದೆ ಕಳುಹಿಸಬಾರದು, ಖಂಡಿಸಲಿಕ್ಕೆಂದು ಸಹ. ಹತ್ತು ಜನರಿಗೆ ತಲುಪಿದ ಬೈಗುಳವನ್ನು ಖಂಡನೆಯ ಹೆಸರಿನಲ್ಲಿ ಹತ್ತು ಸಾವಿರ ಜನರಿಗೆ ತಲುಪಿಸುವ ಕೆಲಸ ಈಗ ನಡೆಯುತ್ತಿದೆ. ಕೊನೆಯದು, ತಮ್ಮವರನ್ನೇ ತಿದ್ದುವ ಧೈರ್ಯ. ಎದುರು ಧರ್ಮದ ಗುರು ತಪ್ಪಿದಾಗ ಗುಡುಗುವುದು ಸುಲಭ. ನಮ್ಮ ಮಠ, ನಮ್ಮ ಮಸೀದಿ, ನಮ್ಮ ಬಸದಿಯವರು ಮಿತಿ ದಾಟಿದಾಗ, ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರೊಬ್ಬರು ಚಪ್ಪಾಳೆ ತಟ್ಟದೆ ಸುಮ್ಮನಿದ್ದರೂ ಸಂದೇಶ ವೇದಿಕೆಗೆ ತಲುಪುತ್ತದೆ.

ಧರ್ಮಗುರುಗಳಲ್ಲಿ ನಮ್ಮ ಕೋರಿಕೆ ಒಂದೇ. ಭಿನ್ನಾಭಿಪ್ರಾಯವಿರಲಿ, ಅದನ್ನು ಗಟ್ಟಿಯಾಗಿಯೇ ಹೇಳಿ. ಆದರೆ ಎದುರು ಪಕ್ಷದವರು ಅದೇ ಸಭೆಯಲ್ಲಿ, ನಿಮ್ಮ ಎದುರಿಗೇ ಕುಳಿತಿದ್ದಾರೆ ಎಂದುಕೊಂಡು ಹೇಳಿ. ಅವರ ಪಕ್ಕದಲ್ಲಿ ನಮ್ಮ ಮಕ್ಕಳೂ ಕುಳಿತಿರುತ್ತಾರೆ. ಮರುದಿನ ಬೆಳಿಗ್ಗೆ ತರಗತಿಯಲ್ಲಿ ಆ ಮಾತನ್ನು ನಾವು ಅವರ ಬಾಯಿಂದ ಕೇಳಬೇಕಾಗುತ್ತದೆ.